ವಿಟ್ಬಿಯ ಆ ಕಾಟೇಜು ನಮಗೆ ಬೇಡ

ಇಲ್ಲಿ ಇಂಗ್ಲೆಂಡಿನಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪಿಗೆ ವಿಟ್ಬಿಯ ಕಾಟೇಜೊಂದರ ಜಾಹೀರಾತು ಬಂದು ಬಿದ್ದಿದೆ. ಮೀನುಗಾರರ ಹಳೇ ಮನೆ, ಪೂರ್ತಿ ನವೀಕರಿಸಿದ್ದು, ಗ್ರೇಡ್ ಟೂ ಲಿಸ್ಟೆಡ್, ಅಂದರೆ ಸರ್ಕಾರ ಕಾಪಾಡಬೇಕೆಂದು ಪಟ್ಟಿ ಮಾಡಿದ ಹಳೇ ಕಟ್ಟಡ. ಬಿಳಿ ಗೋಡೆ, ಮರದ ತೊಲೆ, ಸೌದೆ ಒಲೆ, ಕಿಟಕಿ ತೆರೆದರೆ ಬಂದರು. "ಮೂರ್ನಾಲ್ಕು ಮನೆಯವರು ಸೇರಿ ತಗೊಳ್ಳೋಣ, ನಾವಿಲ್ಲದಾಗ ಬಾಡಿಗೆಗೆ ಬಿಡೋಣ" ಅಂತ ಮಾತು ಶುರುವಾಗಿದೆ. ನಾನು ಬೇಡ ಅಂದೆ. "ಯಾಕೆ ಮಾರಾಯ್ರೆ?" ಅಂತ ಕೇಳಿದವರಿಗೆ ಈ ಉದ್ದದ ಉತ್ತರ.

ಊರಿನ ಮೇಲೆ ನನಗೇನೂ ಸಿಟ್ಟಿಲ್ಲ. ಯಾರ್ಕ್‌ಷೈರಿನ ಕರಾವಳಿಯಲ್ಲಿ ನನಗೆ ಇಷ್ಟವಾದ ಊರೇ ಅದು. ಎಸ್ಕ್ ನದಿ ಊರನ್ನು ಸೀಳಿಕೊಂಡು ಕಡಲು ಸೇರುತ್ತದೆ. ಪೂರ್ವ ದಡದಲ್ಲಿ ಕೆಂಪು ಹೆಂಚಿನ ಮನೆಗಳ ಹಳೇ ಪೇಟೆ, 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಅದರಾಚೆ ಪಾಳುಬಿದ್ದ ಅಬ್ಬಿ, ಅಂದರೆ ಹಳೇ ಕ್ರೈಸ್ತ ಮಠ. ಹೆನ್ರಿಯೆಟ್ಟಾ ಬೀದಿಯಲ್ಲಿ 1872ರಲ್ಲಿ ಶುರುವಾದ ಅಂಗಡಿಯೊಂದು ಹೆರಿಂಗ್ ಮೀನಿಗೆ ಹೊಗೆ ಹಾಕಿ ಮಾರುತ್ತದೆ. ಕುಂದಾಪುರ ಕಡೆಯವನಿಗೆ ಊರು ಹಿಡಿಸಲು ಇನ್ನೇನು ಬೇಕು? ಆದರೆ ಅದೇ ಪೂರ್ವ ದಡದಲ್ಲಿ, ಗುಡ್ಡಕ್ಕೆ ಒರಗಿದ್ದ ಐದು ಹಳೇ ಮನೆಗಳನ್ನು 2012ರ ನವೆಂಬರಿನಲ್ಲಿ ಮಣ್ಣು ಜಾರಿ ಕೆಡವಬೇಕಾಯಿತು. ಕಡಲ್ಕೊರೆತದ ನಷ್ಟಕ್ಕೆ ಇಲ್ಲಿ ಮನೆಯ ವಿಮೆ ಸಾಮಾನ್ಯವಾಗಿ ಕೈ ಎತ್ತುತ್ತದೆ. ಜಾಹೀರಾತಿನ ಫೋಟೋದಲ್ಲಿ ಬಂದರು ಕಾಣುತ್ತದೆ, ಹಿಂದಿನ ಗುಡ್ಡ ಕಾಣುವುದಿಲ್ಲ.

ನನಗೆ ಹೆಚ್ಚು ಅನುಮಾನ ಇರುವುದು 'ನವೀಕರಿಸಿದ್ದು' ಅನ್ನುವುದರ ಮೇಲೆಯೇ. ಆ ಕಾಲದ ಕಲ್ಲಿನ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗೋಡೆ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಒಳಗಡೆ ಜಿಪ್ಸಮ್ ಬೋರ್ಡು ಹೊಡೆದು, ಪ್ಲಾಸ್ಟಿಕ್ ಪೇಂಟು ಎಳೆದರೆ ಮನೆ ತೋರಿಸುವ ದಿನ ಎಲ್ಲ ಬೆಳ್ಳಗೆ, ಒಣಗಿದ ಹಾಗೆ. ಬೋರ್ಡಿನ ಹಿಂದೆ ತೊಲೆಯ ತುದಿ ಕೊಳೆಯುತ್ತಿರುತ್ತದೆ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಬೂಷ್ಟು. ನಮ್ಮೂರಲ್ಲೂ ಕೆಂಪು ಕಲ್ಲಿನ ಹಳೇ ಮನೆಗೆ ಸಿಮೆಂಟು ಮೆತ್ತಿ ಕೈ ಸುಟ್ಟುಕೊಂಡವರಿದ್ದಾರೆ, ಹಾಗಾಗಿ ಇದು ಬಿಳಿಯರ ಊರಿನ ವಿಚಿತ್ರವೇನಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಅಂತಲ್ಲ. ಸುಣ್ಣದಲ್ಲೇ ಅಚ್ಚುಕಟ್ಟಾಗಿ ರಿಪೇರಿ ಮಾಡುವವರೂ ಇದ್ದಾರೆ. ಅಂಥವರ ಹತ್ತಿರ ಬಿಲ್ಲು ಇರುತ್ತದೆ, ಫೋಟೋ ಇರುತ್ತದೆ, ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ತೋರಿಸದಿದ್ದರೆ ಎದ್ದು ಬರುವುದು ಒಳ್ಳೇದು. ಮೊದಲಿನ ಸ್ಥಿತಿಯಲ್ಲೇ ಇರುವ, ತೇವ ಕಣ್ಣಿಗೆ ಕಾಣುವ ಮನೆಯನ್ನಾದರೂ ನಾನು ನಂಬಿಯೇನು.

ಲಿಸ್ಟೆಡ್ ಅನ್ನುವುದನ್ನು ನಮ್ಮವರು ಬಿರುದು ಅಂದುಕೊಂಡಿದ್ದಾರೆ. ಅದು ಜವಾಬ್ದಾರಿ. ಅಂಥ ಮನೆಯ ಲಕ್ಷಣ ಕೆಡಿಸುವ ಕೆಲಸವನ್ನು ಅನುಮತಿ ಇಲ್ಲದೆ ಮಾಡಿದರೆ ಇಲ್ಲಿ ಅಪರಾಧ. ಹಿಂದಿನ ಮಾಲೀಕ ಕಿಟಕಿ ಕಿತ್ತು ಬೇರೆ ಹಾಕಿದ್ದರೂ ಸರಿಪಡಿಸು ಎಂಬ ನೋಟಿಸು ಈಗಿನ ಮಾಲೀಕನಿಗೇ ಬರಬಹುದು, ಇಷ್ಟು ವರ್ಷವಾಯಿತು ಬಿಡಿ ಎನ್ನುವಂತಿಲ್ಲ.

ಇನ್ನು ಬಾಡಿಗೆಯ ಲೆಕ್ಕ. 2022ರ ಜೂನಿನಲ್ಲಿ ವಿಟ್ಬಿಯ ಜನ ಮತ ಹಾಕಿದರು: ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಕಾಯಂ ಇರುವವರಿಗೆ ಮಾತ್ರ ಸಿಗಲಿ. ಪರ 2,111, ವಿರುದ್ಧ 157. ಕಾನೂನಿನ ಬಲವಿಲ್ಲದ ಮತ, ಆದರೂ ಊರಿನ ಮನಸ್ಸು ಏನೆಂದು ಹೇಳಲು ಸಾಲದೇ? ಕಾರ್ನ್‌ವಾಲಿನ ಸೇಂಟ್ ಐವ್ಸ್ 2016ರಲ್ಲೇ ಇಂಥ ನಿಯಮಕ್ಕೆ ಮತ ಹಾಕಿತ್ತು. ಅದೂ ಹೊಸ ಮನೆಗಳಿಗಷ್ಟೇ. ಹೊಸದಕ್ಕೆ ಬೀಗ ಬಿದ್ದರೆ ಹೊರಗಿನ ದುಡ್ಡು ಎಲ್ಲಿಗೆ ಹೋಗುತ್ತದೆ? ಇಂಥ ಹಳೇ ಕಾಟೇಜುಗಳಿಗೆ. ಊರಿನ ಹುಡುಗರ ಕೈಗೆ ಎಟುಕಬಹುದಾಗಿದ್ದ ಸಣ್ಣ ಮನೆ ಇದೇ, ಎರಡು ಕೋಣೆಯ ಮೀನುಗಾರರ ಮನೆ.

ಸರ್ಕಾರವೇನೂ ಕೈಕಟ್ಟಿ ಕೂತಿಲ್ಲ ಅನ್ನಿ. 2024ರ ಅಕ್ಟೋಬರ್ ಕೊನೆಯಿಂದ ಎರಡನೇ ಮನೆಗೆ ಶೇ. 5 ಹೆಚ್ಚುವರಿ ಸ್ಟಾಂಪ್ ಡ್ಯೂಟಿ. 2025ರ ಏಪ್ರಿಲಿನಿಂದ ವಿಟ್ಬಿ ಇರುವ ನಾರ್ತ್ ಯಾರ್ಕ್‌ಷೈರಿನಲ್ಲಿ ಎರಡನೇ ಮನೆಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತದ ಮನೆ ತೆರಿಗೆ, ದುಪ್ಪಟ್ಟು. ಗುಂಪಿನಲ್ಲಿ ಒಬ್ಬರು ಇದಕ್ಕೂ ಉಪಾಯ ಹೇಳಿದರು: ವರ್ಷಕ್ಕೆ 140 ದಿನ ಬಾಡಿಗೆಗೆ ಇಟ್ಟು, 70 ದಿನ ನಿಜವಾಗಿಯೂ ಬಾಡಿಗೆಗೆ ಹೋದರೆ ತೆರಿಗೆಯ ಲೆಕ್ಕಕ್ಕೆ ಅದು ಮನೆಯಲ್ಲ, ವ್ಯಾಪಾರ. ಆಗ ಕೌನ್ಸಿಲ್ ಟ್ಯಾಕ್ಸ್ ಬದಲು ವ್ಯಾಪಾರದ ತೆರಿಗೆ, ಸಣ್ಣ ವ್ಯಾಪಾರದ ರಿಯಾಯಿತಿ ಸಿಕ್ಕಿದರೆ ಅದೂ ಸೊನ್ನೆ. ಅವರು ಹೇಳಿದ್ದು ಸರಿ. ನನಗೆ ಬೇಡವೆನಿಸಿದ್ದೂ ಅಲ್ಲಿಯೇ. ಅಲ್ಲಿ ಇರದ ನಾವು ಏನೂ ಕಟ್ಟದೆ, ಪಕ್ಕದಲ್ಲಿ ಸಂಸಾರ ಮಾಡುವವರು ಪೂರ್ತಿ ತೆರಿಗೆ ಕಟ್ಟುವುದು ಕಾನೂನಿಗೆ ಒಪ್ಪಿಗೆ ಇರಬಹುದು, ನನಗಿಲ್ಲ.

"ನಾವು ಬಿಟ್ಟರೆ ಲಂಡನ್ನಿನವರು ಕೊಳ್ತಾರೆ" ಅಂದರು ಇನ್ನೊಬ್ಬರು. ಕೊಳ್ಳಲಿ, ಅದಕ್ಕೆ ನಾನು ಪಾಲು ಹಾಕಬೇಕೆಂದಿಲ್ಲವಲ್ಲ. ನಮ್ಮಲ್ಲಿ ಯಾರಿಗಾದರೂ ವಿಟ್ಬಿಯಲ್ಲೇ ಕೆಲಸ ಸಿಕ್ಕಿ, ಅಲ್ಲೇ ಮಕ್ಕಳನ್ನು ಶಾಲೆಗೆ ಹಾಕುವ ಯೋಚನೆ ಇದ್ದರೆ ಹೇಳಿ. ಮನೆ ನೋಡಲು ನಾನೇ ಜೊತೆಗೆ ಬರುತ್ತೇನೆ. ಮನೆ ಪರೀಕ್ಷಿಸುವ ಸರ್ವೇಯರ್ ಮಾತ್ರ ಹಳೇ ಕಟ್ಟಡ ಬಲ್ಲವರೇ ಆಗಿರಲಿ, ಮತ್ತು ನೋಡುವುದು ಫೆಬ್ರವರಿಯಲ್ಲಿ, ಒಳ್ಳೇ ಮಳೆ ಬಂದ ಮಾರನೇ ದಿನ.