ಚೀಟಿ ಅಂಟಿಸಿದ್ರೆ ಬದಲಾವಣೆ ಬರ್ತದಂತೆ

ಮಂಗಳೂರಲ್ಲಿ ಈಗ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದ್ರೂ ಒಂದು ಗೋಡೆ ಇರ್ತದೆ, ಗೋಡೆ ತುಂಬ ಬಣ್ಣಬಣ್ಣದ ಚೀಟಿ ಇರ್ತದೆ, ಚೀಟಿ ಎದುರು ಹತ್ತು ಜನ ಕೈ ಕಟ್ಟಿ ನಿಂತಿರ್ತಾರೆ, ಒಬ್ಬರ ಮುಖದಲ್ಲೂ ಕಳೆ ಇರುದಿಲ್ಲ. ಇದಕ್ಕೆ ಅಜೈಲ್ ಅಂತ ಹೇಳುದು, ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣ ಕಂತಲ್ಲಿ ಮಾಡುವ ಪದ್ಧತಿ. ಮೊದ್ಲು ಇದೇ ಹತ್ತು ಜನ ಕೂತ್ಕೊಂಡು ಕೆಲಸ ಮಾಡ್ತಿದ್ರು, ಅದು ಹಳೇ ಪದ್ಧತಿ ಅಂತೆ.

ಪ್ರಾಜೆಕ್ಟ್ ಮ್ಯಾನೇಜರ್ ಅಂತ ಒಬ್ರು ಇದ್ರಲ್ಲ, ಅವರು ಈಗ ಸ್ಕ್ರಮ್ ಮಾಸ್ಟರ್, ಸ್ಕ್ರಮ್ ಅಂದ್ರೆ ಈ ಅಜೈಲಿನದ್ದೇ ಒಂದು ವಿಧಾನ. ಎರಡು ದಿನದ ಟ್ರೈನಿಂಗು, ಒಂದು ಪರೀಕ್ಷೆ, ಒಂದು ಸರ್ಟಿಫಿಕೇಟು, ಲಿಂಕ್ಡ್‌ಇನ್ನಲ್ಲಿ ಅದರ ಫೋಟೋ, ಅಡಿಯಲ್ಲಿ ಇನ್ನೂರು ಜನರ ಕಂಗ್ರಾಟ್ಸ್. ಮೊದ್ಲು "ಇದು ಯಾವಾಗ ಮುಗೀತದೆ?" ಅಂತ ಕೇಳ್ತಿದ್ದವರು ಈಗ "ಇದಕ್ಕೆ ನಿಮ್ಮ ಕಮಿಟ್‌ಮೆಂಟ್ ಎಂತ?" ಅಂತ ಕೇಳ್ತಾರೆ. ನಾವು ತಲೆ ಕೆರೆದು ಲೆಕ್ಕ ಹಾಕಿ ಒಂದು ತಾರೀಕು ಹೇಳ್ಬೇಕು. ತಾರೀಕು ಅವರ ಹತ್ರ ಮೊದ್ಲೇ ಉಂಟು, ಎಕ್ಸೆಲ್ ಶೀಟಲ್ಲಿ, ಹಳದಿ ಬಣ್ಣ ಹಾಕಿ ಇಟ್ಟದ್ದು. ನಾವು ಹೇಳಿದ್ದು ಅದಕ್ಕೆ ಸರಿ ಹೋಗುವ ತನಕ ಚರ್ಚೆ ನಡೀತದೆ, ಸರಿ ಹೋದ ಕೂಡ್ಲೇ ಟೀಮ್ ತಾನೇ ನಿರ್ಧಾರ ತಗೊಂಡಿತು ಅಂತ ಮಿನಿಟ್ಸಲ್ಲಿ ಬರೀತಾರೆ.

ಈ ಅಜೈಲ್ ಶುರು ಮಾಡಿದವರನ್ನು ಬೈದು ಪ್ರಯೋಜನ ಇಲ್ಲ, ಪಾಪ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಅಂತ ಒಂದು ಹಿಮದ ಗುಡ್ಡೆಯ ರೆಸಾರ್ಟಲ್ಲಿ 17 ಜನ ಸೇರಿದ್ರು, ಎಲ್ಲ ಸಾಫ್ಟ್‌ವೇರಿನವರೇ, ದಪ್ಪ ದಪ್ಪ ಡಾಕ್ಯುಮೆಂಟ್ ಬರೆದು ಬರೆದು ಸಾಕಾಗಿ ಹೋದವರು. ಒಂದು ಪುಟಕ್ಕೂ ಕಡಿಮೆ ಬರೆದ್ರು. ವಿಷಯ ಇಷ್ಟೇ: ಪ್ರೋಸೆಸ್ಸಿಗಿಂತ ಜನ ದೊಡ್ಡದು, ರಾಶಿ ಕಾಗದಕ್ಕಿಂತ ಓಡುವ ಸಾಫ್ಟ್‌ವೇರ್ ದೊಡ್ಡದು, ಕರಾರು ಹಿಡ್ಕೊಂಡು ಜಗಳ ಮಾಡುದಕ್ಕಿಂತ ಗಿರಾಕಿ ಜೊತೆ ಕೂತು ಮಾತಾಡುದು ಮೇಲು, ಪ್ಲಾನಿಗೆ ಜೋತು ಬೀಳುದಕ್ಕಿಂತ ಬದಲಾವಣೆಗೆ ತಕ್ಕ ಹಾಗೆ ತಿರುಗುದು ಮೇಲು. ಜೊತೆಗೆ 12 ತತ್ವ, ಅದರಲ್ಲೊಂದು ಮಾಡದೇ ಬಿಡಬಹುದಾದ ಕೆಲಸವನ್ನು ಮಾಡದೇ ಬಿಡುದೇ ಒಂದು ಕಲೆ ಅಂತ. ನಮ್ಮಲ್ಲಿ ಈ ಒಂದು ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಕ್ವಾಲಿಟಿ ಡಿಪಾರ್ಟ್‌ಮೆಂಟಿನವರು ಅದಕ್ಕೊಂದು ಡಾಕ್ಯುಮೆಂಟ್ ನಂಬರ್ ಕೊಟ್ಟು, ಪ್ರಿಪೇರ್ಡ್ ಬೈ, ರಿವ್ಯೂಡ್ ಬೈ, ಅಪ್ರೂವ್ಡ್ ಬೈ ಅಂತ ಮೂರು ಸೈನ್ ಹಾಕಿಸಿ ಲಿಫ್ಟಿನ ಪಕ್ಕ ನೇತು ಹಾಕಿದ್ದಾರೆ. ವರ್ಷನ್ 1.3 ಅಂತೆ. ಮೊದಲ ಎರಡು ವರ್ಷನಲ್ಲಿ ಲೋಗೋ ಸಣ್ಣದಾಗಿತ್ತು.

ಬೆಳಗ್ಗಿನ ಸ್ಟ್ಯಾಂಡಪ್ ಮೀಟಿಂಗ್ ನೋಡ್ಬೇಕು ನೀವು. ಸ್ಕ್ರಮ್‌ನ ಪುಸ್ತಿಕೆ ಪ್ರಕಾರ ಅದು 15 ನಿಮಿಷ, ಕೆಲಸ ಮಾಡುವವರು ತಮ್ಮತಮ್ಮೊಳಗೆ ಮಾತಾಡ್ಕೊಳ್ಲಿಕ್ಕೆ ಇರುದು. ನಿಂತೇ ಮಾಡುದು ಯಾಕಂದ್ರೆ ಕಾಲು ನೋವಾಗಿ ಬೇಗ ಮುಗಿಸ್ತಾರೆ ಅಂತ. ನಮ್ಮಲ್ಲಿ ನಾವು ನಿಲ್ತೇವೆ, ಸ್ಕ್ರಮ್ ಮಾಸ್ಟರ್ ಸರ್ ಕೂತ್ಕೊಳ್ತಾರೆ. ಹಾಗಾಗಿ ಅದು ಮುಗಿಯುದೇ ಇಲ್ಲ. ನಿನ್ನೆ ಎಂತ ಮಾಡಿದ್ರಿ, ಇವತ್ತು ಎಂತ ಮಾಡ್ತೀರಿ, ಅಡ್ಡಿ ಎಂತ ಉಂಟು, ಈ ಮೂರು ಪ್ರಶ್ನೆಯನ್ನು 2020ರಲ್ಲಿ ಆ ಪುಸ್ತಿಕೆ ಬರೆದವರೇ ತೆಗೆದು ಹಾಕಿದ್ದಾರೆ ಮಾರಾಯ್ರೆ, ಆದ್ರೆ ಆ ಸುದ್ದಿ ಇನ್ನೂ ನಮ್ಮ ಬಿಲ್ಡಿಂಗಿಗೆ ಮುಟ್ಲಿಲ್ಲ. "ಅಡ್ಡಿ ಎಂತ ಉಂಟು?" ಅಂತ ಕೇಳಿದಾಗ ಎಲ್ಲರ ಕಣ್ಣು ಒಂದೇ ಕಡೆ, ಕುರ್ಚಿ ಕಡೆ ಹೋಗ್ತದೆ. ಬಾಯಲ್ಲಿ "ಏನಿಲ್ಲ ಸರ್."

ಮತ್ತೆ ಚೀಟಿ. ಒಂದೊಂದು ಚೀಟಿ ಅಂದ್ರೆ ಒಂದೊಂದು ಕೆಲಸ. ಈ ಚೀಟಿ ಕಂಡುಹಿಡಿದವರು ನಮ್ಮ ಮಳೆಗಾಲ ನೋಡ್ಲಿಲ್ಲ. ಜೂನ್ ಬಂತು ಅಂದ್ರೆ ಗೋಡೆಯೇ ಬೆವರ್ತದೆ, ಅಂಟು ನಿಲ್ಲುದಿಲ್ಲ, ಅದರ ಮೇಲೆ ಫ್ಯಾನ್ ಬೇರೆ. ಸಂಜೆ "ಮುಗೀತು" ಅನ್ನುವ ಕಾಲಂನಲ್ಲಿದ್ದದ್ದು ಬೆಳಿಗ್ಗೆ ಬಂದು ನೋಡಿದ್ರೆ ನೆಲದಲ್ಲಿ. ಒಮ್ಮೆ ಕ್ಲೀನಿಂಗಿನ ಅಕ್ಕ ಕಸ ಅಂತ ಎಲ್ಲ ಗುಡಿಸಿ ಬಕೆಟಿಗೆ ಹಾಕಿಬಿಟ್ರು, ಅರ್ಧ ಸ್ಪ್ರಿಂಟ್, ಅಂದ್ರೆ ಒಂದು ಕಂತಿಗೆ ಅಂತ ಇಟ್ಟ ಕೆಲಸದಲ್ಲಿ ಅರ್ಧ, ಹಾಗೇ ಹೋಯ್ತು, ಯಾರಿಗೂ ಗೊತ್ತೂ ಆಗ್ಲಿಲ್ಲ, ಯಾರೂ ಕೇಳ್ಲೂ ಇಲ್ಲ. ಅಂದ್ರೆ ಆ ಕೆಲಸ ಬೇಡದ್ದೇ ಆಗಿತ್ತು. ಹನ್ನೆರಡು ತತ್ವದಲ್ಲಿ ಒಂದನ್ನಾದ್ರೂ ಸರಿಯಾಗಿ ಪಾಲಿಸಿದ್ದು ಆ ಅಕ್ಕ ಒಬ್ರೇ. ಈಗ ಚೀಟಿಗೆ ಸೆಲ್ಲೋಟೇಪ್ ಹಾಕಿ ಗಟ್ಟಿ ಮಾಡಿದ್ದಾರೆ. ಒಂದು ಕಾಲಂನಿಂದ ಇನ್ನೊಂದಕ್ಕೆ ಸಲೀಸಾಗಿ ಎತ್ತಿಡ್ಲಿಕ್ಕೆ ಅಂತ ಇದ್ದದ್ದೇ ಈ ಚೀಟಿ, ಈಗ ಎತ್ಲಿಕ್ಕೆ ಹೋದ್ರೆ ಪೈಂಟ್ ಸಮೇತ ಬರ್ತದೆ.

ಬದಲಾವಣೆಯನ್ನು ಮುನ್ನಡೆಸುದು ಹೇಗೆ ಅಂತ ಕಲಿಸ್ಲಿಕ್ಕೆ ಬೆಂಗಳೂರಿಂದ ಒಬ್ರು ಕೋಚ್ ಬರ್ತಾರೆ. ಅವರ ಸ್ಲೈಡಲ್ಲಿ ಹಾರ್ವರ್ಡಿನ ಜಾನ್ ಕೋಟರ್ ಹೇಳಿದ 8 ಹಂತ ಉಂಟು. ಒಂದನೇ ಹಂತ, ಜನರಲ್ಲಿ ಇದು ತುರ್ತು ಅನ್ನುವ ಭಾವನೆ ಹುಟ್ಟಿಸುದು. ಇದನ್ನು ಮ್ಯಾನೇಜ್‌ಮೆಂಟ್ ಒಂದೇ ಇಮೇಲಲ್ಲಿ ಮುಗಿಸಿತು, "ಮಾರ್ಕೆಟ್ ಕಷ್ಟದಲ್ಲಿದೆ" ಅಂತ. ಟೀಮಲ್ಲಿ ಎಲ್ಲರೂ ಆ ದಿವಸವೇ ನೌಕರಿ ಪೋರ್ಟಲ್ ಓಪನ್ ಮಾಡಿದ್ರು. ಅಡ್ಡಿ ನಿವಾರಿಸುದು, ಕೆಳಗಿನವರಿಗೆ ಅಧಿಕಾರ ಕೊಡುದು, ಇದೆಲ್ಲ ಆಮೇಲಿನ ಹಂತ, ಅಲ್ಲಿಗೆ ಬರುವಾಗ ಊಟಕ್ಕೆ ಹೊತ್ತಾಗ್ತದೆ. ಆಟಿ ತಿಂಗಳ ಮಳೆಯಲ್ಲಿ ಒಂದು ಸಲ ಶಿರಾಡಿ ಘಾಟಿಯಲ್ಲಿ ಗುಡ್ಡೆ ಜರಿದು ಕೋಚ್ ಸಕಲೇಶಪುರದಲ್ಲೇ ಬಾಕಿ ಆದ್ರು. ಸರ್ ಕೋಚ್ ಜೊತೆ ಫೋನಲ್ಲಿದ್ರು. ಆ ದಿವಸ ಯಾವ ಮೀಟಿಂಗೂ ಇಲ್ಲ, ನಾಲ್ಕು ಬಗ್ ಸರಿ ಆಯ್ತು, ಒಂದು ರಿಲೀಸೂ ಹೋಯ್ತು. ಅದನ್ನು ರಿಪೋರ್ಟಲ್ಲಿ ರಿಮೋಟ್ ಕೋಚಿಂಗಿನ ಫಲ ಅಂತ ಹಾಕಿದ್ರು.

ಸರಿ, ಪ್ರಾಜೆಕ್ಟ್ ಎಂತದು ಕೇಳಿ. ಒಂದು ಸಹಕಾರಿ ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಆಪ್. ಪಿಗ್ಮಿ ಅಂದ್ರೆ ಈ ಊರಿನದ್ದೇ ಕಲ್ಪನೆ, 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಉಂಟಲ್ಲ (2020ರಲ್ಲಿ ಕೆನರಾ ಬ್ಯಾಂಕಲ್ಲಿ ಸೇರಿ ಹೋಯ್ತು), ಟಿ.ಎಂ.ಎ. ಪೈಗಳ ಆ ಬ್ಯಾಂಕು 1928ರಲ್ಲಿ ತಂದ ಸ್ಕೀಮು. ದಿನಕ್ಕೆ ಎರಡಾಣೆ ಉಳಿತಾಯ ಮಾಡಿದ್ರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರ್ತಾರೆ. ದಿನಾ ಸ್ವಲ್ಪ ಸ್ವಲ್ಪ, ದಿನಾ ಗಿರಾಕಿಯ ಮುಖ ನೋಡಿ, ಲೆಕ್ಕ ಆ ಹೊತ್ತಿಗೇ ಕೈಯಲ್ಲಿ. ಕೋಚಿಗೆ ಇದನ್ನು ಹೇಳಿದ್ರೆ "ಇಂಟರೆಸ್ಟಿಂಗ್" ಅಂತ ಹೇಳಿ ಮುಂದಿನ ಸ್ಲೈಡಿಗೆ ಹೋದ್ರು.

ಮುಂದಿನ ಸ್ಲೈಡಲ್ಲಿ ನಮ್ಮ ಯೂಸರ್ ಪರ್ಸೋನಾ, ಅಂದ್ರೆ ಆಪ್ ಬಳಸುವವರು ಹೀಗಿರ್ತಾರೆ ಅಂತ ಕಲ್ಪಿಸಿದ ಒಬ್ಬ ಮನುಷ್ಯ, ಇತ್ತು. ಹೆಸರು ರಾಹುಲ್, ವಯಸ್ಸು 28, ಟೆಕ್ ಸ್ಯಾವಿ, ಪ್ರಯಾಣ ಇಷ್ಟ. ಇಂಟರ್ನೆಟ್ಟಿಂದ ತೆಗೆದ ಫೋಟೋ, ಹಲ್ಲು ಭಾರಿ ಚಂದ ಉಂಟು. ಆ ರಾಹುಲನಿಗೆ ಬೇಕು ಅಂತ ಡ್ಯಾಶ್‌ಬೋರ್ಡ್, ಗ್ರಾಫ್, ಡಾರ್ಕ್ ಮೋಡ್ ಎಲ್ಲ ಮಾಡಿದ್ದಾಯ್ತು. ಡೆಮೋ ದಿನ ಸೊಸೈಟಿಯವರು ನಿಜವಾದ ಪಿಗ್ಮಿ ಏಜೆಂಟ್ ಒಬ್ಬರನ್ನು ಕರ್ಕೊಂಡು ಬಂದ್ರು, ಅರುವತ್ತರ ಹತ್ರ ಪ್ರಾಯ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಕೈಯಲ್ಲಿ ಕೊಡೆ, ಕೊಡೆಯಿಂದ ನಮ್ಮ ಕಾರ್ಪೆಟ್ ಮೇಲೆ ನೀರು ಇಳೀತಾ ಉಂಟು. ಅಷ್ಟೂ ನೋಡಿ ಅವರು ಕೇಳಿದ್ದು ಒಂದೇ. "ಅಲ್ಲ ಸರ್, ನಾನು ಬೆಳಿಗ್ಗೆ ಮೀನು ಇಳಿಸುವ ಧಕ್ಕೆಗೆ ಹೋಗುದು. ಮೀನಿನ ಅಕ್ಕ ನೂರು ರೂಪಾಯಿ ಕೊಡುವಾಗ ಅವರ ಕೈ ಚಂಡಿ, ಫೋನು ಮನೆಯಲ್ಲಿ ಸೊಸೆ ಹತ್ರ. ನೀವು ಓಟಿಪಿ ಅಂತೀರಿ. ನಾನು ಸೊಸೆಗೆ ಫೋನ್ ಮಾಡಿ ಕೇಳುದಾ?"

ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಗಿರಾಕಿ ಬಂದು ಎದುರೇ ನಿಂತು ಬದಲಾವಣೆ ಹೇಳಿದ್ದಾರೆ, ಅದಕ್ಕೆ ಓಗೊಡ್ಲಿಕ್ಕೇ ಇಷ್ಟೆಲ್ಲ ಸರ್ಕಸ್ಸು ಅಂತ ನಾವು ಅಂದ್ಕೊಂಡದ್ದು. ಸರ್ ಹೇಳಿದ್ರು, "ಗ್ರೇಟ್ ಫೀಡ್‌ಬ್ಯಾಕ್, ಬ್ಯಾಕ್‌ಲಾಗಿಗೆ ಹಾಕಿ." ಹಾಕಿದ್ವಿ, ಬ್ಯಾಕ್‌ಲಾಗ್ ಅಂದ್ರೆ ಮುಂದೆ ಮಾಡ್ಲಿಕ್ಕಿರುವ ಕೆಲಸದ ಪಟ್ಟಿ. ಆ ಕೆಲಸ ಎಷ್ಟು ದೊಡ್ಡದು ಅಂತ ನಂಬರಿರುವ ಪೋಕರ್ ಕಾರ್ಡ್ ಹಿಡಿದು ಅಂದಾಜು ಮಾಡಿ, 13 ಪಾಯಿಂಟ್ ಅಂತ ಆಯ್ತು, 13 ಅಂದ್ರೆ ದೊಡ್ಡದು, ದೊಡ್ಡದನ್ನು ಒಡೀಬೇಕು, ಒಡೀಲಿಕ್ಕೆ ಒಂದು ಮೀಟಿಂಗ್ ಬೇಕು, ಆ ಮೀಟಿಂಗಿಗೆ ಸೆಕ್ಯುರಿಟಿ ಟೀಮಿನವರು ಬೇಕು, ಅವರ ಕ್ಯಾಲೆಂಡರ್ ಮುಂದಿನ ಕ್ವಾರ್ಟರ್ ತನಕ ಫುಲ್. ಏಜೆಂಟ್ ಬ್ಯಾಗಿಂದ ಹಳೇ ಕೈಪುಸ್ತಕ ತೆಗೆದು, ಚಾ ತಂದ ಹುಡುಗನ ಪಿಗ್ಮಿ ಅಲ್ಲೇ ಬರ್ಕೊಂಡು, ಕೊಡೆ ತಗೊಂಡು ಹೋದ್ರು.

ಈ ಪಾಯಿಂಟಿನದ್ದು ಒಂದು ಗಮ್ಮತ್ತು. ಯಾವ ಟೀಮಿನ ಪಾಯಿಂಟ್ ಜಾಸ್ತಿ ಅಂತ ಮೇಲಿನವರು ಹೋಲಿಸ್ಲಿಕ್ಕೆ ಶುರು ಮಾಡಿದ್ರು, ಹೋಲಿಸ್ಬಾರದು ಅಂತ ಕೋಚಿನ ಸ್ಲೈಡಲ್ಲೇ ಉಂಟು. ಅಲ್ಲಿಂದ ಟ್ರಾಲಿಂಗ್ ಬಂದ್ ಆದ ತಿಂಗಳಲ್ಲಿ ಬಂಗುಡೆ ರೇಟ್ ಏರಿದ ಹಾಗೆ ಏರಿತು ನೋಡಿ, ಹೋದ ತಿಂಗಳು 3 ಇದ್ದ ಕೆಲಸ ಈ ತಿಂಗಳು 8, ಕೆಲಸ ಅದೇ, ಮಾಡುವವನೂ ಅವನೇ. ಸ್ನೋಬರ್ಡಿಗೆ ಹೋಗಿದ್ದ 17 ಜನರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟ್ ಅನ್ನುವ ಈ ಪಾಯಿಂಟ್ ಹುಟ್ಟಿಸಿದ್ದು ತಾನೇ ಇರಬಹುದು, ಹಾಗಿದ್ರೆ ಈಗ ಬೇಜಾರಾಗ್ತದೆ ಅಂತ ಬರೆದಿದ್ದಾರೆ. ಅವರು ಬೇಜಾರು ಮಾಡ್ಕೊಂಡ್ರು, ನಮ್ಮ ಟೀಮಿಗೆ ಕೇಕ್ ಕಟ್ ಮಾಡಿದ್ರು. ವೆಲಾಸಿಟಿ, ಅಂದ್ರೆ ಒಂದು ಸ್ಪ್ರಿಂಟಲ್ಲಿ ಮುಗಿಸಿದ ಪಾಯಿಂಟಿನ ಲೆಕ್ಕ, ಡಬಲ್ ಆಯ್ತಲ್ಲ.

ಸ್ಪ್ರಿಂಟ್ ಮುಗಿದ ಮೇಲೆ ಎಂತ ಸರಿ ಆಯ್ತು, ಎಂತ ತಪ್ಪಾಯ್ತು ಅಂತ ನೋಡುವ ರೆಟ್ರೋಸ್ಪೆಕ್ಟಿವ್ ಮೀಟಿಂಗ್ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಮನಸ್ಸು ಬಿಚ್ಚಿ ಮಾತಾಡಿ ಅಂತಾರೆ, ಪಕ್ಕದಲ್ಲಿ ಎಚ್‌ಆರ್ ಕೂತಿರ್ತಾರೆ. ಪ್ರತಿ ಸಲ ನಾವು ಕಾಫಿ ಮೆಷಿನ್ ಸರಿ ಇಲ್ಲ ಅಂತ ಬರೀತೇವೆ.

ಇಷ್ಟೆಲ್ಲ ಯಶಸ್ಸು ಕಂಡ ಮೇಲೆ ಈಗ ಹೊಸ ಆರ್ಡರ್ ಬಂದಿದೆ, ಇದನ್ನು ಇಡೀ ಕಂಪೆನಿಗೆ ಹಬ್ಬಿಸುದಂತೆ. ಸೇಫ್ ಅಂತ ಅದರ ಹೆಸರು. ಎಲ್ಲ ಟೀಮುಗಳು ಎರಡು ದಿನ ಒಂದೇ ಹಾಲಲ್ಲಿ ಕೂತು, ಮುಂದಿನ ಎರಡು ಮೂರು ತಿಂಗಳಿಗೆ ಯಾರು ಎಂತ ಮಾಡುದು ಅಂತ ಮೊದ್ಲೇ ಬರೆದಿಡುದು. ಹಳೇ ಕ್ವಾರ್ಟರ್ಲಿ ಪ್ಲಾನಿಗೂ ಇದಕ್ಕೂ ಎಂತ ವ್ಯತ್ಯಾಸ ಅಂತ ಟೆಸ್ಟಿಂಗಿನ ಹುಡುಗಿ ಕೇಳಿದ್ಲು, ಇದರಲ್ಲಿ ನೂಲು ಉಂಟು ಅಂತ ಉತ್ತರ ಬಂತು. ನಿಜ, ಯಾವ ಟೀಮಿನ ಕೆಲಸ ಯಾರ ಕೈಯಲ್ಲಿ ಸಿಕ್ಕಿಬಿದ್ದಿದೆ ಅಂತ ತೋರಿಸ್ಲಿಕ್ಕೆ ದೊಡ್ಡ ಬೋರ್ಡ್ ಮೇಲೆ ಚೀಟಿಯಿಂದ ಚೀಟಿಗೆ ಕೆಂಪು ನೂಲು ಕಟ್ಟುದು. ರಥಬೀದಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ನೂಲಿನ ಉಂಡೆ, ನಾನೇ ತರ್ತೇನೆ ಅಂದೆ. ಬೇಡವಂತೆ, ಅದು ಟ್ರಾನ್ಸ್‌ಫಾರ್ಮೇಶನ್ ಬಜೆಟಲ್ಲಿ ಬರ್ಬೇಕಂತೆ. ಫೈನಾನ್ಸಿನವರು ಮೂರು ಕೊಟೇಶನ್ ಕೇಳಿದ್ದಾರೆ, ಎರಡು ಬಂದಿದೆ, ಮೂರನೇ ಅಂಗಡಿಯವರು ನೂಲಿಗೆಂತ ಕೊಟೇಶನ್ ಮಾರಾಯ್ರೆ ಅಂತ ನಗಾಡಿ ಕಳಿಸಿದ್ರು.