ಗಂಟೆಗೆ 120 ಅಂತ ಬರೆಯೋರೇ, ಮಿಕ್ಕಿದ್ದನ್ನೂ ಬರೆಯಿರಿ

ನಿನ್ನೆ ರಾತ್ರಿಯಿಂದ ಹೊಟ್ಟೆ ಉರೀತಿದೆ. ಪ್ರತಿ ಡಿಸೆಂಬರಿನಲ್ಲಿ ಬರೋ ಜೆಮಿನಿಡ್ ಉಲ್ಕಾಪಾತ ನೋಡೋಕೆ ಬಯಲಿಗೆ ಬಂದವರಲ್ಲಿ ಹೆಚ್ಚಿನವರು ಒಂಬತ್ತೂವರೆಗೇ ಬಂದು, ಹತ್ತು ನಿಮಿಷ ಕತ್ತೆತ್ತಿ ನಿಂತು, "ಗಂಟೆಗೆ 120 ಉಲ್ಕೆ ಅಂತ ಸುದ್ದೀಲಿ ಬರೆದಿದ್ರು, ಒಂದೂ ಇಲ್ಲ" ಅಂತ ಗಾಡಿ ಹತ್ತಿದರು. ಒಂದು ಮಗು "ಇನ್ನೊಂಚೂರು ಇರೋಣ ಅಪ್ಪಾ" ಅಂತ ಅಳ್ತಾ ಹೋಯಿತು.

ಅವರನ್ನೇನೂ ಅನ್ನೋಲ್ಲ. ನನ್ನ ಸಿಟ್ಟೆಲ್ಲ ಆ 120ರ ಮೇಲೆ. ಉಲ್ಕೆಗಳು ಹೊಮ್ಮುವಂತೆ ಕಾಣುವ ಬಿಂದು ನೆತ್ತಿಯ ಮೇಲೇ ಇದ್ದು, 6.5 ಕಾಂತಿಮಾನದ (ಇದು ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು) ನಕ್ಷತ್ರವೂ ಬರಿಗಣ್ಣಿಗೆ ಕಾಣುವಷ್ಟು ಕತ್ತಲಿದ್ದರೆ ಎಷ್ಟು ಕಂಡಾವು ಅನ್ನೋ ಲೆಕ್ಕ ಅದು. ಮಿಥುನ ರಾಶಿಯ ಆ ಬಿಂದು ನೆತ್ತಿಯ ಹತ್ತಿರಕ್ಕೆ ಏರೋದು ನಡುರಾತ್ರಿ ಕಳೆದ ಮೇಲೆ. ಕಣ್ಣು ಕತ್ತಲಿಗೆ ಒಗ್ಗೋಕೇ 20-30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ. ಇದನ್ನು ಬರೆಯೋಕೆ ಎರಡು ಸಾಲು ಸಾಕು. ಆ ಎರಡು ಸಾಲಿನ ಜಾಗದಲ್ಲಿ ಹಾಕಿದ್ದೇನು? ಗಂಟೆಗಟ್ಟಲೆ ತೆಗೆದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿದ, ಆಕಾಶವೇ ಉದುರುತ್ತಿರುವಂಥ ಫೋಟೋ!

"ಹಾಗೆ ಬರೆಯದಿದ್ದರೆ ಯಾರೂ ಬರೋದೇ ಇಲ್ಲ" ಅಂತ ಗೆಳೆಯರೊಬ್ಬರ ವಾದ. ಬಂದವರು ಇನ್ನೆಂದೂ ಬರದ ಹಾಗೆ ಆಯಿತಲ್ಲ ಸ್ವಾಮಿ, ಆ ಮಗುವನ್ನು ಮತ್ತೆ ಯಾರು ಕರ್ಕೊಂಡು ಬರ್ತಾರೆ?

ಹೇಳೋಕೆ ನಿಜವಾದ ಸಂಗತಿಗಳಿಗೇನು ಬರವೇ? ಬಹುತೇಕ ಉಲ್ಕಾಪಾತಗಳ ಮೂಲ ಧೂಮಕೇತು. ಜೆಮಿನಿಡ್‌ನದು 1983ರಲ್ಲಿ ಪತ್ತೆಯಾದ 3200 ಫೇಥಾನ್ ಅನ್ನೋ ಕಲ್ಲಿನ ಕಾಯ. ಸುಮಾರು 1.4 ವರ್ಷಕ್ಕೊಮ್ಮೆ ಬುಧನ ಕಕ್ಷೆಯನ್ನೂ ದಾಟಿ ಸೂರ್ಯನ ಹತ್ತಿರ ನುಗ್ಗಿ ಬರುತ್ತೆ. ಅದು ಬಿಟ್ಟುಹೋದ ಮರಳಿನಷ್ಟು ಸಣ್ಣ ಚೂರುಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾತಾವರಣಕ್ಕೆ ಬಡಿದು, ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ. ಇದು ಗೊತ್ತಿದ್ದು ನೋಡಿದರೆ ಗಂಟೆಗೆ ಹತ್ತು ಕಂಡರೂ ಮೈ ಜುಂ ಅನ್ನುತ್ತೆ. ನಿನ್ನೆ ಎರಡು ಗಂಟೆ ಸುಮಾರಿಗೆ ಒಂದು ದೊಡ್ಡದು ಅರ್ಧ ಆಕಾಶ ಸೀಳಿಕೊಂಡು ಹೋದಾಗ ನಾನು ಚೀರಿಬಿಟ್ಟೆ, ಕಣ್ಣಲ್ಲಿ ನೀರೂ ಬಂತು.

ಬರುವ ಡಿಸೆಂಬರ್ 13ರ ಸುದ್ದಿಗೆ ಶೀರ್ಷಿಕೆ ಕೊಡುವವರು 120 ಅಂತಲೇ ಬರೆಯಲಿ. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, "ನಡುರಾತ್ರಿ ಕಳೆದ ಮೇಲೆ, ದೀಪಗಳಿಲ್ಲದ ಕಡೆ, ಕನಿಷ್ಠ ಒಂದು ಗಂಟೆ, ಮೊಬೈಲ್ ಜೇಬಿನಲ್ಲಿಟ್ಟು" ಅಂತಲೂ ಹಾಕಲಿ.