ಮಹಿಷಾಸುರನನ್ನು ತೋರಿಸಿದವರು ದೇವಿ ಬರುವವರೆಗೆ ಕುಳಿತಿರಬೇಕು

ನಿನ್ನೆ ರಾತ್ರಿ ನಮ್ಮೂರಿನ ಗದ್ದೆಯಲ್ಲಿ ಯಕ್ಷಗಾನದ ಹರಕೆಯಾಟವಿತ್ತು, ಪ್ರಸಂಗ ‘ದೇವಿಮಹಾತ್ಮೆ’. ನನ್ನ ಆಟದ ಹುಚ್ಚು ಗೊತ್ತಿರುವವರಿಗೆ ನಾನು ಚೆಂಡೆಯ ಬದಿಯ ಎರಡನೆಯ ಸಾಲಿನಲ್ಲಿ ಕುಳಿತಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ. ಮಹಿಷಾಸುರನ ಪ್ರವೇಶದ ಹೊತ್ತು ಬಂದಾಗ ರಂಗಸ್ಥಳ ಖಾಲಿಯಿತ್ತು, ಚೆಂಡೆ ಏರುತ್ತಿತ್ತು, ಸಭೆಯ ಬೆನ್ನ ಹಿಂದಿನ ಕತ್ತಲೆಯಿಂದ ಒಂದು ಆರ್ಭಟ ಕೇಳಿತು. ಎಲ್ಲರ ಕತ್ತೂ ಒಟ್ಟಿಗೆ ಹಿಂದಕ್ಕೆ ತಿರುಗಿತು. ಉರಿಯುವ ದೊಂದಿ ಪಂಜುಗಳ ನಡುವೆ, ರಾಳದ ಪುಡಿ ಎರಚಿದಾಗಲೆಲ್ಲ ಭುಗಿಲೆದ್ದು ಇಳಿಯುವ ಬೆಂಕಿಯ ಬೆಳಕಿನಲ್ಲಿ, ಕೋಡು ಹೊತ್ತ ಆ ಬಣ್ಣದ ವೇಷ, ಎಂದರೆ ಮುಖಕ್ಕೆ ದಪ್ಪ ಬಣ್ಣ ಬಳಿದ ರಾಕ್ಷಸ ಪಾತ್ರ, ಜನರ ಮಧ್ಯದಿಂದಲೇ ದಾರಿ ಮಾಡಿಕೊಂಡು ಬಂತು. ಐವತ್ತು ದಾಟಿದ ನನಗೂ ಆ ಕ್ಷಣದಲ್ಲಿ ಎದೆ ಒಮ್ಮೆ ಝಲ್ಲೆನ್ನುತ್ತದೆ. ಹಾಗೆ ಅನ್ನಿಸಲೆಂದೇ ನಾನು ಹೋಗುತ್ತೇನೆ.

ನನ್ನ ಸಿಟ್ಟಿಗೆ ಕಾರಣವಾದದ್ದು ಆಮೇಲೆ ನಡೆಯಿತು. ಮೂರು ವರ್ಷವೂ ತುಂಬಿರಲಾರದ ಒಂದು ಗಂಡು ಮಗುವನ್ನು ಅದರ ತಂದೆ ಎಡಗೈಯಲ್ಲಿ ಎತ್ತಿಕೊಂಡು ವೇಷ ಬರುವ ದಾರಿಗೇ ಓಡಿದರು. ಬಲಗೈಯಲ್ಲಿ ಫೋನು. ವೇಷ ಹತ್ತಿರ ಬರುತ್ತಿದ್ದಂತೆ ಮಗುವನ್ನು ಮುಂದಕ್ಕೆ ಹಿಡಿದರು. ಮಗು ಉಸಿರು ಸಿಕ್ಕಿಬಿದ್ದಂತೆ ಒಂದು ಕ್ಷಣ ಸುಮ್ಮನಾಗಿ, ಬಳಿಕ ಚೆಂಡೆಯ ಸದ್ದನ್ನೂ ಮೀರಿ ಕಿರುಚಿತು. ಸುತ್ತ ಇದ್ದವರು ನಕ್ಕರು. ತಂದೆಯೂ ನಕ್ಕರು; ಮಗು ಅವರ ಕುತ್ತಿಗೆಯೊಳಗೆ ಮುಖ ಹುದುಗಿಸಲು ಒದ್ದಾಡುತ್ತಿದ್ದರೆ ಅವರು ಅದರ ಗಲ್ಲ ಹಿಡಿದು ಮುಖವನ್ನು ಫೋನಿನ ಕಡೆಗೆ ತಿರುಗಿಸುತ್ತಿದ್ದರು. ವಿಡಿಯೊ ಸಿಕ್ಕಿತು. ಐದು ನಿಮಿಷದೊಳಗೆ ಆ ಸಂಸಾರ ಎದ್ದು ಕಾರು ಹತ್ತಿ ಹೊರಟುಹೋಯಿತು. ಇಂದು ಬೆಳಿಗ್ಗೆ ಏಳು ಗಂಟೆಗೆ ಆ ವಿಡಿಯೊ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿತ್ತು, ಕೆಳಗೆ ನಗುವ ಮುಖಗಳ ಸಾಲು.

ಎಂಟು ಗಂಟೆಗೆ ಅದೇ ಗುಂಪಿನಲ್ಲಿ ಇನ್ನೊಂದು ಬಣ ಎದ್ದಿತು. ಹೆಂಗಸರು, ಮಕ್ಕಳು ಎಲ್ಲರೂ ಕೂಡಿ ನೋಡುವ ಆಟದಲ್ಲಿ ಇಂಥ ಭಯಂಕರ ಪ್ರವೇಶಗಳು ಇರಬೇಕೇ, ಮಕ್ಕಳ ಮನಸ್ಸಿಗೆ ಆಘಾತವಾಗುವುದಿಲ್ಲವೇ, ದೊಂದಿ, ರಾಳ, ಆರ್ಭಟಗಳನ್ನು ಸ್ವಲ್ಪ ಕಡಿಮೆ ಮಾಡಬಾರದೇ ಎಂದು ಅವರ ಪ್ರಶ್ನೆ. ಎಂತಹ ನ್ಯಾಯ ನೋಡಿ. ಮಗುವನ್ನು ಬೆಂಕಿಯ ಬಳಿಗೆ ಒಯ್ದವರು ಮನುಷ್ಯರು. ಶಿಕ್ಷೆ ಮಾತ್ರ ಮಹಿಷಾಸುರನಿಗೆ. ಪಾಪ, ಅವನಿಗೆ ಹೇಗೂ ಕೊನೆಯಲ್ಲಿ ಒಂದು ಶಿಕ್ಷೆ ಕಾದಿರುತ್ತದೆ, ಜೊತೆಗೆ ಇದೂ ಒಂದು.

ಹಾಡು, ಕುಣಿತ, ಮಾತು, ಬಣ್ಣ ಎಲ್ಲವೂ ಸೇರಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ರಂಗಪ್ರಕಾರದಲ್ಲಿ ಭಯಕ್ಕೆ ಸ್ಥಾನವಿದೆಯೇ ಎಂದು ಕೇಳಿದರೆ, ಇದೆ, ಇರಲೇಬೇಕು ಎನ್ನುವವನು ನಾನು. ಭರತನ ನಾಟ್ಯಶಾಸ್ತ್ರವೇ ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದೆ. ಗುಂಪಿನಲ್ಲಿದ್ದ ಒಬ್ಬ ಪಂಡಿತ ಮಿತ್ರರು ಕೂಡಲೇ, ಯುದ್ಧವನ್ನೂ ಮರಣವನ್ನೂ ಅಂಕದೊಳಗೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ಅದೇ ಗ್ರಂಥ ಹೇಳುತ್ತದಲ್ಲ ಎಂದು ನೆನಪಿಸಿದರು. ಹೌದು, ಹೇಳುತ್ತದೆ. ಆದರೆ ನಮ್ಮ ಬಯಲಾಟ ಆ ನಿಯಮಕ್ಕೆ ಕಟ್ಟುಬಿದ್ದು ಬೆಳೆದದ್ದಲ್ಲ; ಇಲ್ಲಿ ಯುದ್ಧಕ್ಕೆ ತಾಳವಿದೆ, ವಧೆಗೆ ಪದವಿದೆ, ದೇವಿಯ ತ್ರಿಶೂಲ ರಾಕ್ಷಸನ ಎದೆಗೆ ತಾಗುವುದನ್ನು ನೋಡಿಯೇ ಜನ ಕೈಮುಗಿಯುವುದು. ಹರಕೆ ಹೊತ್ತವರು ಆ ಗಳಿಗೆಗಾಗಿಯೇ ದುಡ್ಡು ಕೂಡಿಸಿಡುತ್ತಾರೆ.

ಯಕ್ಷಗಾನ ಮಗುವನ್ನು ಏಕಾಏಕಿ ಹೆದರಿಸುವ ಕಲೆಯೂ ಅಲ್ಲ. ತೆಂಕುತಿಟ್ಟಿನ, ಎಂದರೆ ಕರಾವಳಿಯ ತೆಂಕಣ ಶೈಲಿಯ, ಪೂರ್ವರಂಗವನ್ನು (ಕಥೆಗೆ ಮೊದಲಿನ ಕುಣಿತಗಳನ್ನು) ಪೂರ್ತಿ ನೋಡಿದವರಿಗೆ ಇದು ತಿಳಿದಿರುತ್ತದೆ. ಮೊದಲು ಕೋಡಂಗಿಗಳು ಬಂದು ಕುಣಿಯುತ್ತಾರೆ, ಅವು ಸಾಮಾನ್ಯವಾಗಿ ಕಲಿಯುವ ಹುಡುಗರ ವೇಷಗಳೇ. ಆಮೇಲೆ ಬಾಲಗೋಪಾಲರು, ಆಮೇಲೆ ಸ್ತ್ರೀವೇಷ. ಚಾಪೆಯ ಮೇಲಿನ ಮಗುವಿಗೆ, ಹೊಳೆಯುವ ಬಟ್ಟೆ ಹಾಕಿಕೊಂಡು ಕುಣಿಯುವ ಇವರೆಲ್ಲ ತನ್ನ ಅಣ್ಣಂದಿರ ಹಾಗೆಯೇ ಇರುವವರು ಎಂಬ ಸಲುಗೆ ಹುಟ್ಟಿದ ಮೇಲೆ ನಿಧಾನವಾಗಿ ಕಥೆ ಶುರುವಾಗುತ್ತದೆ. ಬಣ್ಣದ ವೇಷಕ್ಕೆ ತೆರೆಯ ಹಿಂದಿನಿಂದ ಪ್ರವೇಶವಿದ್ದಾಗಲಂತೂ ಇಬ್ಬರು ಹಿಡಿದ ಆ ತೆರೆಯ ಮೇಲ್ಗಡೆ ಮೊದಲು ಕಿರೀಟ ಕಾಣುತ್ತದೆ, ಒಮ್ಮೆ ಬೆನ್ನು ಕಾಣುತ್ತದೆ, ಕೈಯ ಬೆರಳು ಕಾಣುತ್ತದೆ. ಮುಖ ಕಾಣುವುದು ಎಲ್ಲಕ್ಕಿಂತ ಕೊನೆಗೆ. ಹೆದರಿಕೆಯನ್ನು ಇಷ್ಟು ಅಳೆದು, ಇಷ್ಟು ಸಾವಧಾನವಾಗಿ ಬಡಿಸುವ ಇನ್ನೊಂದು ಕಲೆಯನ್ನು ನಾನು ನೋಡಿಲ್ಲ. ಈಗ ಕಾಲಮಿತಿಯ ಆಟಗಳಲ್ಲಿ ಹಲವೆಡೆ ಪೂರ್ವರಂಗವೇ ಮೊಟಕಾಗಿದೆ, ನಾವೂ ಊಟ ಮುಗಿಸಿ ಒಂಬತ್ತೂವರೆಗೆ ಹೋಗಿ ನೇರವಾಗಿ ಬೆಂಕಿಗೇ ಮುಖ ಕೊಡುತ್ತೇವೆ. ಹಿಂದೆ ರಾತ್ರಿಯಿಡೀ ಆಟ ನಡೆಯುತ್ತಿದ್ದಾಗ ಮಹಿಷಾಸುರ ಬರುವ ಹೊತ್ತಿಗೆ ನನ್ನಂಥ ಮಕ್ಕಳಲ್ಲಿ ಅರ್ಧಪಾಲು ಅಜ್ಜಿಯ ಸೆರಗಿನೊಳಗೆ ನಿದ್ದೆಹೋಗಿರುತ್ತಿದ್ದೆವು. ‘ಏಳು ಮಗಾ, ಮಹಿಷಾಸುರ ಬರ್ತಾನೆ’ ಎಂದು ನನ್ನನ್ನು ಎಬ್ಬಿಸಿದ ಅಜ್ಜಿಯೇ ನನ್ನ ಕಣ್ಣಿಗೆ ಕೈಯನ್ನೂ ಅಡ್ಡ ಹಿಡಿಯುತ್ತಿದ್ದರು. ಬೆರಳುಗಳ ಸಂದಿಯನ್ನು ಎಷ್ಟು ಅಗಲ ಮಾಡಬೇಕೆಂಬುದು ನನಗೆ ಬಿಟ್ಟದ್ದಾಗಿತ್ತು.

ಆ ಬೆರಳುಗಳು ಇದ್ದ ಜಾಗದಲ್ಲಿ ನಿನ್ನೆ ಫೋನು ಇತ್ತು.

ಇಷ್ಟೆಲ್ಲ ಕಿರುಚಿದ ಮಗುವಿಗೆ ತಪ್ಪಿಹೋದದ್ದು ಏನೆಂದು ನಿಮಗೆ ಹೇಳಬೇಕು. ಅಷ್ಟು ಅಬ್ಬರದಿಂದ ರಂಗಸ್ಥಳ ಹತ್ತಿದ ಆ ಮಹಿಷಾಸುರ, ಬಂದವನು ತನ್ನ ತಾಯಿ ಮಾಲಿನಿಯೊಡನೆ ಮಾತಿಗೆ ನಿಲ್ಲುತ್ತಾನೆ. ಊರೆಲ್ಲವನ್ನೂ ನಡುಗಿಸಿದ ಕಂಠ ‘ಅಮ್ಮಾ’ ಎನ್ನುತ್ತದೆ. ತನ್ನ ತಂದೆ ಯಾರು, ಎಲ್ಲಿ ಎಂದು ಕೇಳುತ್ತದೆ. ಒಳ್ಳೆಯ ಕಲಾವಿದರ ಬಾಯಲ್ಲಿ ಆ ಸಂಭಾಷಣೆ ಕೇಳುವಾಗ, ಕೋಡು ಹೊತ್ತ ಆ ದೈತ್ಯನೂ ಯಾರದೋ ಮಗ ಎಂಬುದು ನಾಲ್ಕು ವರ್ಷದವರಿಗೂ ತಿಳಿಯುತ್ತದೆ. ಅದಾದ ಮೇಲೆ ದೇವಿ ಬರುತ್ತಾಳೆ, ಯುದ್ಧವಾಗುತ್ತದೆ, ಅವನು ಬೀಳುತ್ತಾನೆ. ಭಯ ಎಲ್ಲಿ ಹುಟ್ಟಿತೋ ಅಲ್ಲಿಯೇ, ಅದೇ ರಂಗಸ್ಥಳದ ಮೇಲೆ, ಕಣ್ಣೆದುರಿಗೇ ಮುಗಿಯುತ್ತದೆ. ನಿನ್ನೆಯ ಮಗುವಿಗೆ ಸಿಕ್ಕಿದ್ದು ಮೊದಲ ಎರಡು ನಿಮಿಷ ಮಾತ್ರ. ಅದರ ಲೆಕ್ಕದಲ್ಲಿ ಮಹಿಷಾಸುರ ಇನ್ನೂ ಸತ್ತಿಲ್ಲ. ಇವತ್ತು ರಾತ್ರಿ ದೀಪ ಆರಿಸಿದರೆ ಅವನು ಆ ಕೋಣೆಯ ಮೂಲೆಯಲ್ಲಿಯೇ ಇರುತ್ತಾನೆ.

ಭಯದ ದೃಶ್ಯಗಳನ್ನು ತೆಗೆದರೆ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ಕಳೆದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಗೋವಿನ ಹಾಡನ್ನು ಸಂಗೀತ ರೂಪಕವಾಗಿ ಆಡಿಸಿದರು. ಹುಲಿಗೆ ಗುಲಾಬಿ ಬಣ್ಣದ ಮೂಗು, ಕುತ್ತಿಗೆಗೆ ರಿಬ್ಬನ್. ಪುಣ್ಯಕೋಟಿ ಹಿಂತಿರುಗಿ ಬಂದಾಗ ಹುಲಿ ಪ್ರಾಣ ಬಿಡುವುದನ್ನು ತೆಗೆದುಹಾಕಿ, ಹುಲಿಯೂ ಕರುವೂ ಕೈಕೈ ಹಿಡಿದು ಕುಣಿಯುವಂತೆ ಮಾಡಿದ್ದರು. ಅಂಬೆಗಾಲಿಡುವವರಿಂದ ಹಿಡಿದು ಅಜ್ಜಂದಿರವರೆಗೆ ಯಾರೂ ಹೆದರಲಿಲ್ಲ, ಯಾರೂ ಅಳಲಿಲ್ಲ. ಆದರೆ ಆ ಹುಲಿ ತನ್ನನ್ನು ತಿನ್ನಲಾರದೆಂದು ಮೊದಲೇ ಗೊತ್ತಿದ್ದರೆ ಪುಣ್ಯಕೋಟಿ ಕೊಟ್ಟ ಮಾತು ಉಳಿಸಿಕೊಂಡದ್ದರಲ್ಲಿ ಹೆಚ್ಚುಗಾರಿಕೆ ಏನು? ತಬ್ಬಲಿಯಾಗಲಿರುವ ಕರುವಿನ ಮಾತಿಗೆ ಎದೆ ಹಿಂಡುವುದಾದರೂ ಹೇಗೆ? ನಮ್ಮ ಅಮ್ಮಂದಿರು ಆ ಹಾಡು ಹಾಡುತ್ತ ನಮ್ಮನ್ನು ಅಳಿಸಿದ್ದಾರೆ, ತಾವೂ ಅತ್ತಿದ್ದಾರೆ, ಕೊನೆಯ ಸಾಲಿನವರೆಗೂ ಹಾಡಿಯೇ ತಟ್ಟಿ ಮಲಗಿಸಿದ್ದಾರೆ. ಅರ್ಧಕ್ಕೆ ನಿಲ್ಲಿಸಿ ಕಾರು ಹತ್ತಿದವರು ಯಾರೂ ಇರಲಿಲ್ಲ. (ಕಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.)

ಲಂಡನ್ನಿನಲ್ಲಿರುವ ನನ್ನ ತಂಗಿ ಇದನ್ನೆಲ್ಲ ಕೇಳಿ, ಅಲ್ಲಿನ ಹಾಗೆ ವಯಸ್ಸಿನ ಮಿತಿ ಹಾಕಿದರೆ ಮುಗಿಯಿತಲ್ಲ ಅಣ್ಣಾ ಎಂದಳು. ಲೈಸಿಯಂ ರಂಗಮಂದಿರದಲ್ಲಿ 1999ರಿಂದ ನಡೆಯುತ್ತಿರುವ ‘ಲಯನ್ ಕಿಂಗ್’ ಸಂಗೀತ ನಾಟಕಕ್ಕೆ ಆರು ವರ್ಷ ಮೇಲ್ಪಟ್ಟ ಮಕ್ಕಳನ್ನು ಕರೆತನ್ನಿ ಎಂದು ಸೂಚಿಸುತ್ತಾರೆ. ಅಲ್ಲಿಯೂ ಕಾಡುಪ್ರಾಣಿಗಳ ಹಿಂಡು ನುಗ್ಗಿಬರುವಾಗ ತಂದೆ ಸಿಂಹ ಸಾಯುತ್ತದೆ, ಮರಿ ಅದನ್ನು ನೋಡುತ್ತದೆ. ಗಮನಿಸಬೇಕಾದದ್ದೆಂದರೆ ಅವರು ವಯಸ್ಸನ್ನು ಬರೆದರೇ ಹೊರತು ಸಿಂಹದ ಸಾವನ್ನು ಕಥೆಯಿಂದ ತೆಗೆಯಲಿಲ್ಲ. ಟಿಕೆಟ್ಟು, ಬಾಗಿಲು, ನಂಬರಿನ ಕುರ್ಚಿ ಇರುವಲ್ಲಿ ಅದು ಸಾಧ್ಯ, ಸರಿಯೂ ಹೌದು. ಆದರೆ ನಾಲ್ಕೂ ದಿಕ್ಕು ತೆರೆದಿರುವ ಗದ್ದೆಯ ಆಟಕ್ಕೆ ಬಾಗಿಲು ಎಲ್ಲಿ? ಬರುವವರ ಜನನ ಪ್ರಮಾಣಪತ್ರವನ್ನು ಯಾರು ನೋಡಬೇಕು, ಕೋಡಂಗಿಯೇ?

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಈಗಿನ ಧ್ವನಿವರ್ಧಕಗಳ ಅಬ್ಬರಕ್ಕೂ ಪ್ರವೇಶದ ಹೊತ್ತಿನಲ್ಲಿ ಸಿಡಿಸುವ ಪಟಾಕಿಗೂ ಕಲೆಗೂ ಯಾವ ಸಂಬಂಧವೂ ಇಲ್ಲ, ಎಳೆಯ ಕಿವಿಗಳಿಗೆ ಅದು ಹಿಂಸೆಯೇ. ಅದನ್ನು ತಗ್ಗಿಸಿ ಎಂದು ನಾನೇ ಸಂಘಟಕರಿಗೆ ಹೇಳುತ್ತೇನೆ, ಹೇಳಿ ಬೈಸಿಕೊಂಡೂ ಇದ್ದೇನೆ. ಅದರಾಚೆಗೆ, ಮಗುವಿನ ಮನಸ್ಸಿಗೆ ಆಘಾತ ಎಂದು ಬೆಳಿಗ್ಗೆ ಬರೆದವರಲ್ಲಿ ಇಬ್ಬರು, ಮಗು ಊಟ ಮಾಡಲೆಂದು ಅದರ ಕೈಗೆ ಫೋನು ಕೊಟ್ಟು, ಕತ್ತಿಗಳಿಂದ ತಲೆ ಹಾರಿಸುವ ಸಿನಿಮಾ ತುಣುಕುಗಳನ್ನು ತೋರಿಸುವುದನ್ನು ನಾನು ಮದುವೆ ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಆಘಾತವಾಗುವುದಿಲ್ಲ, ಏಕೆಂದರೆ ಅನ್ನ ಒಳಗೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಕಥೆಯನ್ನೂ ಹೇಳದಿದ್ದರೆ ನಾನು ಕಪಟಿಯಾಗುತ್ತೇನೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹಿರಣ್ಯಕಶಿಪುವಿನ ಆಟ. ಕಂಬ ಒಡೆದು ನರಸಿಂಹ ಬರುವಾಗ ನಾನೂ ಅವಳನ್ನು ಎತ್ತಿ ಮುಂದಕ್ಕೆ ಹಿಡಿದಿದ್ದೆ. ನನ್ನಲ್ಲಿ ಆಗ ಇದ್ದದ್ದು ಒಂದು ಹಳೆಯ ಕ್ಯಾಮರಾ, ಅಷ್ಟೇ ವ್ಯತ್ಯಾಸ. ಅವಳು ಕಿರುಚಿದಾಗ ನಾನೂ ನಕ್ಕೆ, ಪಕ್ಕದಲ್ಲಿದ್ದವರೂ ನಕ್ಕರು, ಅದು ನನಗೆ ಹೆಮ್ಮೆಯೆಂದೇ ತೋರಿತು. ಮರುದಿನ ಆಫೀಸು ಇದ್ದುದರಿಂದ ಅವಳನ್ನು ಹೆಗಲಿಗೆ ಹಾಕಿಕೊಂಡು ಕೂಡಲೇ ಹೊರಟೆ. ಪ್ರಹ್ಲಾದ ಹೋಗಿ ಎದುರು ನಿಂತಾಗ ಆ ಉಗ್ರರೂಪ ಶಾಂತವಾಗುವುದನ್ನು ಅವಳು ನೋಡಲೇ ಇಲ್ಲ. ಆಮೇಲೆ ಸುಮಾರು ಒಂದು ವರ್ಷ ಅವಳು ನಮ್ಮ ಮನೆಯ ಚಾವಡಿಯ ಕಂಬದ ಹತ್ತಿರ ಒಬ್ಬಳೇ ಹೋಗುತ್ತಿರಲಿಲ್ಲ. ನಾನು ಆಟದವರನ್ನು ದೂರಿದೆ. ‘ಇಷ್ಟು ರೌದ್ರ ಬೇಕಿತ್ತಾ’ ಎಂದು ಮನೆಯಲ್ಲಿ ಭಾಷಣ ಮಾಡಿದೆ. ಇವತ್ತಿನ ವಾಟ್ಸಾಪ್ ಬಣದ ಮಾತುಗಳು ನನಗೆ ಇಷ್ಟು ಚೆನ್ನಾಗಿ ಅರ್ಥವಾಗುವುದು ಅದಕ್ಕೇ. ಅವೆಲ್ಲ ಒಂದು ಕಾಲದಲ್ಲಿ ನನ್ನವೇ ಆಗಿದ್ದವು.

ಸರಿಪಡಿಸಿದ್ದು ನನ್ನ ಅಮ್ಮ. ಮುಂದಿನ ವರ್ಷ ಅದೇ ಮೇಳ ಬಂದಾಗ ಸಂಜೆಯೇ ಮೊಮ್ಮಗಳ ಕೈಹಿಡಿದು, ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋದರು. ಅಲ್ಲಿ ಬಣ್ಣದ ವೇಷದ ಕಲಾವಿದರು ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಿಂದ ತೆಗೆದು ತೆಗೆದು ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸವದು. ಮಗಳು ಮೊದಲು ಅಜ್ಜಿಯ ಸೀರೆಯ ಹಿಂದೆ ನಿಂತಿದ್ದವಳು, ಅರ್ಧ ಗಂಟೆಯಲ್ಲಿ ಅವರ ಮಂಡಿಯ ಬಳಿ ಕುಳಿತಿದ್ದಳಂತೆ. ‘ತುರಿಸುವುದಿಲ್ಲವಾ’ ಎಂದು ಕೇಳಿದಳಂತೆ. ಅವರು ಬಾಯಿ ಅಲ್ಲಾಡಿಸದೆ, ಕಣ್ಣಿನಲ್ಲಿಯೇ ಹೌದು ಎಂದರಂತೆ. ಅಂದು ರಾತ್ರಿ ಅವರು ರಂಗಸ್ಥಳದಲ್ಲಿ ಆರ್ಭಟಿಸಿದಾಗ ಅವಳು ಹೆದರಿದಳು, ಚೆನ್ನಾಗಿಯೇ ಹೆದರಿ ಅಜ್ಜಿಯ ತೋಳು ಕಚ್ಚಿದಳು, ಆದರೆ ಎದ್ದು ಹೋಗೋಣ ಎನ್ನಲಿಲ್ಲ. ಮಂಗಳದವರೆಗೂ ಕುಳಿತು, ಮತ್ತೆ ಚೌಕಿಗೆ ಹೋಗಿ, ತೆಂಗಿನೆಣ್ಣೆ ಹಚ್ಚಿ ಆ ಮುಖ ಕರಗುವುದನ್ನು ನೋಡಿ ಬಂದಳು.

ನಿನ್ನೆಯ ತಂದೆ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾರೆ, ಇದನ್ನು ಓದುತ್ತಾರೆಂದೂ ನನಗೆ ಗೊತ್ತು. ಸಿಟ್ಟು ಬಂದರೆ ಬರಲಿ. ಬರುವ ಶನಿವಾರ ಪಕ್ಕದ ಊರಿನ ಶಾಲೆಯ ಮೈದಾನದಲ್ಲಿ ಅದೇ ಮೇಳದ್ದು, ಅದೇ ಪ್ರಸಂಗವಿದೆ. ಮಗುವನ್ನು ಕರೆದುಕೊಂಡು ಬನ್ನಿ. ಬರಲೊಲ್ಲದು ಎಂದು ಹಟ ಮಾಡಿದರೆ ಒತ್ತಾಯ ಬೇಡ, ಅದರ ಮುಂದಿನ ವರ್ಷಕ್ಕೂ ಆಟವಿರುತ್ತದೆ. ಬರುವುದಾದರೆ ಫೋನು ಕಾರಿನಲ್ಲಿಯೇ ಇರಲಿ. ಸಂಜೆ ಐದೂವರೆಗೆ ನಾನು ಚೌಕಿಯ ಹೊರಗೆ ನಿಂತಿರುತ್ತೇನೆ, ಚಾಪೆ ನಾನೇ ತರುತ್ತೇನೆ.